ಅಚ್ಚೊತ್ತಿದ ಗಾಜಿನ ದೀಪಸ್ತಂಭಗಳು

ಮೇಣಬತ್ತಿಯನ್ನು ನೆಟ್ಟಗೆ ನಿಲ್ಲಿಸುವದಕ್ಕಾಗಿ ಮಾಡಿದ ಕಂಬದಂಥ ಸಾಧನವನ್ನು ಈ ಪಾಠದಲ್ಲಿ ದೀಪಸ್ತಂಭವೆಂದು ಕರೆಯುವೆವು. ಅದಕ್ಕೆ ಮೂರು ಅಂಗಗಳುಂಟು: ಮೇಜಿನ ಮೇಲೆ ಕೂರುವ ಪೀಠ, ಅದರಿಂದ ಮೇಲಕ್ಕೇಳುವ ಕಾಂಡ, ಮೇಣಬತ್ತಿಯ ಬುಡವನ್ನು ಹಿಡಿದುಕೊಳ್ಳುವ ಬಟ್ಟಲು. ಹಿತ್ತಾಳೆ, ತವರ, ಬೆಳ್ಳಿ, ಮರ ಮೊದಲಾದವುಗಳಿಂದ ಇದನ್ನು ಪೂರ್ವಕಾಲದಿಂದಲೂ ಮಾಡುತ್ತ ಬಂದಿದ್ದರು. ಗಾಜಿನಿಂದಲೂ ಮಾಡುತ್ತಿದ್ದರಾದರೂ ಅದು ಉಳ್ಳವರ ಮನೆಯ ವಸ್ತುವಾಗಿತ್ತು. ಸುಮಾರು ೧೮೨೫ರಿಂದ ಈಚೆಗೆ ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ, ಕಾದ ಗಾಜನ್ನು ಲೋಹದ ಅಚ್ಚಿನಲ್ಲಿ ಒತ್ತಿ ಪದಾರ್ಥಗಳನ್ನು ಮಾಡುವ ರೀತಿ ಬಳಕೆಗೆ ಬಂದ ಮೇಲೆ, ಗಾಜಿನ ದೀಪಸ್ತಂಭವು ಸಾಮಾನ್ಯ ಗೃಹಸ್ಥರ ಮೇಜಿಗೂ ಇಳಿದು ಬಂತು.

ಇಂಥ ವಿಷಯವನ್ನು ಪಾಠಶಾಲೆಯ ಸ್ಮರಣ ಸಂಚಿಕೆಯಲ್ಲಿ ಎತ್ತುವದು ಯಾಕೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಕೇಳಬಹುದು. ಕಾರಣವಿದೆ. ಈ ದೀಪಸ್ತಂಭಗಳು ಅರಮನೆಗಾಗಿ ಮಾಡಿದವುಗಳಲ್ಲ. ಅಗ್ಗವಾಗಿ, ಬೇಗನೆ, ಸಾವಿರಗಟ್ಟಲೆ ಮಾಡಿದವುಗಳು. ಆದರೂ ಈಗ ಅವು ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಸ್ಥಾನ ಪಡೆದಿವೆ. ಸಂಗ್ರಾಹಕರು ಅವುಗಳನ್ನು ಹುಡುಕಿಕೊಂಡು ಊರೂರು ತಿರುಗುತ್ತಾರೆ. ಅಗ್ಗದ ವಸ್ತುವಿಗೆ ಈ ಮನ್ನಣೆ ಎಲ್ಲಿಂದ ಬಂತು? ಹಳೆಯದಾದ ಮಾತ್ರಕ್ಕೆ ಬಂತೆಂದು ಹೇಳಲಾಗದು. ಹಳೆಯ ವಸ್ತುಗಳು ಗುಜರಿಯ ಅಂಗಡಿಯಲ್ಲಿಯೂ ರಾಶಿಯಾಗಿ ಬಿದ್ದಿರುತ್ತವೆ. ಆ ವಸ್ತುವಿನ ಮೈಮೇಲೆ ಅದರ ಚರಿತ್ರೆಯು ಬರೆದಿರುವದನ್ನು ಕಂಡು, ಅದನ್ನು ಓದಲು ಕಲಿತ ಕೆಲವರು ಇದ್ದದ್ದರಿಂದಲೇ ಬಂತು. ಪುಸ್ತಕವನ್ನು ಓದುವಂತೆ ವಸ್ತುವನ್ನು ಓದುವದೂ ಒಂದು ವಿದ್ಯೆ. ಆ ವಿದ್ಯೆಯನ್ನು ಈ ಒಂದು ಉದಾಹರಣೆಯಿಂದ ಸ್ವಲ್ಪ ಅಭ್ಯಾಸ ಮಾಡೋಣ.

೧. ಊದಿದ ಗಾಜೂ ಒತ್ತಿದ ಗಾಜೂ

ಮರಳು, ಕ್ಷಾರ ಮುಂತಾದವುಗಳನ್ನು ಕುಲುಮೆಯಲ್ಲಿ ಕರಗಿಸಿದರೆ ಗಾಜಾಗುವದೆಂದು ನಮ್ಮ ಬಾಲಕಿಯರು ವಿಜ್ಞಾನದ ಪಾಠದಲ್ಲಿ ಓದಿದ್ದಾರೆ. ಅದು ಪಾಕದ ಹಾಗೆ ಮೆತ್ತಗಿರುವಾಗ ಉದ್ದವಾದ ಕೊಳವೆಯ ತುದಿಗೆ ಸುತ್ತಿಕೊಂಡು, ಬಾಯಿಂದ ಊದಿ, ಬೇಕಾದ ಆಕಾರಕ್ಕೆ ತರುವದು ಸುಮಾರು ಎರಡು ಸಾವಿರ ವರ್ಷಗಳಿಂದ ನಡೆದು ಬಂದ ಪದ್ಧತಿ. ಊದುವ ಕೆಲಸವನ್ನು ಕಲಿಯಲು ಹಲವು ವರ್ಷಗಳು ಬೇಕು. ಊದಿದ ಮೇಲೆ ಅದರ ಮೈಯಲ್ಲಿ ಚಿತ್ರ ಬೇಕಾದರೆ ಸಾಣೆಗಲ್ಲಿನಿಂದ ಕೊರೆಯಬೇಕು. ಆದದರಿಂದ ಬೆಲೆ ಏರುತ್ತಿತ್ತು.

ಒತ್ತುವ ಪದ್ಧತಿಯನ್ನು ತಿಳಿಯುವದಕ್ಕೆ ನಮ್ಮ ಅಡಿಗೆಮನೆಯೇ ಸಾಕು. ಸಂಕ್ರಾಂತಿಯ ಸಮಯದಲ್ಲಿ ಮೈಸೂರು ಸೀಮೆಯ ಮನೆಗಳಲ್ಲಿ ಸಕ್ಕರೆ ಅಚ್ಚು ಮಾಡುವದನ್ನು ನೋಡಿದವರು, ಮರದ ಅಚ್ಚಿನ ಹೋಳುಗಳನ್ನು ಕೂಡಿಸಿ ಬಿಗಿದು ಪಾಕ ಹೊಯ್ಯುವದನ್ನೂ, ಆರಿದ ಮೇಲೆ ಹೋಳುಗಳನ್ನು ಬಿಡಿಸಿ ಗಿಳಿಯನ್ನೋ ಆನೆಯನ್ನೋ ಹೊರಗೆ ತೆಗೆಯುವದನ್ನೂ ಬಲ್ಲರು. ಚಕ್ಕುಲಿಯ ಒರಳಿನಲ್ಲಿ ಮೇಲಿನಿಂದ ಒತ್ತಿದಾಗ ಹಿಟ್ಟು ದಾರಿ ಇದ್ದ ಕಡೆಗೆ ನುಗ್ಗುವದನ್ನೂ ಬಲ್ಲರು. ಇವೆರಡನ್ನು ಒಟ್ಟುಗೂಡಿಸಿದರೆ ಗಾಜನ್ನು ಒತ್ತುವ ಯಂತ್ರವಾಯಿತು. ಒಬ್ಬ ಕೆಲಸಗಾರನು ಕುಲುಮೆಯಿಂದ ಕಾದ ಗಾಜಿನ ಮುದ್ದೆಯನ್ನು ತಂದು ಲೋಹದ ಅಚ್ಚಿನ ಬಾಯಿಗೆ ಇಳಿಬಿಡುವನು. ಇನ್ನೊಬ್ಬನು ಬೇಕಾದಷ್ಟಕ್ಕೆ ಕತ್ತರಿಯಿಂದ ಕತ್ತರಿಸಿ, ಸನ್ನೆಗೋಲನ್ನು ಎಳೆಯುವನು. ಕಬ್ಬಿಣದ ಒತ್ತುಗೋಲು ಇಳಿದು ಗಾಜನ್ನು ಅಚ್ಚಿನ ಮೂಲೆಮೂಲೆಗೆ ತಳ್ಳುವದು. ಹೊರಮೈಯಲ್ಲಿ ಅಚ್ಚಿನ ಚಿತ್ರವೂ ಒಳಮೈಯಲ್ಲಿ ಒತ್ತುಗೋಲಿನ ನುಣುಪೂ ಮೂಡುವವು. ಗಾಜು ಹೆಚ್ಚಾದರೆ ಪದಾರ್ಥ ದಪ್ಪವಾಗುವದು, ಕಡಿಮೆಯಾದರೆ ಚಿತ್ರವು ಪೂರ್ಣವಾಗಿ ತುಂಬದು. ಆದಕಾರಣ ಇದು ಯಂತ್ರದ ಕೆಲಸವೆನಿಸಿಕೊಂಡರೂ ಅದರ ಹದವು ಮನುಷ್ಯನ ಕಣ್ಣಿನಲ್ಲಿಯೂ ಕೈಯಲ್ಲಿಯೂ ಇತ್ತೆಂಬದನ್ನು ಮರೆಯಬಾರದು.

೨. ಸ್ಯಾಂಡ್‌ವಿಚ್ ಊರಿನ ಕಾರ್ಖಾನೆ

ಪಿಟ್ಸ್‌ಬರ್ಗಿನ ಜಾನ್ ಬೇಕ್‌ವೆಲ್ ಎಂಬವನು ೧೮೨೫ರಲ್ಲಿ ಮೇಜು ಬೀರುಗಳ ಗಾಜಿನ ಹಿಡಿಗಳನ್ನು ಒತ್ತಿ ಮಾಡುವದಕ್ಕೆ ಪೇಟೆಂಟು ಪಡೆದನು. ಅದೇ ವರ್ಷದಲ್ಲಿ ಡೆಮಿಂಗ್ ಜಾರ್ವಿಸ್ ಎಂಬ ಬಾಸ್ಟನ್ನಿನ ವರ್ತಕನು ಮಸಾಚುಸೆಟ್ಸ್ ಪ್ರಾಂತದ ಕಡಲತೀರದ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿ ಗಾಜಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಮರುವರ್ಷ ಅದಕ್ಕೆ ಬಾಸ್ಟನ್ ಅಂಡ್ ಸ್ಯಾಂಡ್‌ವಿಚ್ ಗ್ಲಾಸ್ ಕಂಪೆನಿ ಎಂಬ ಹೆಸರಾಯಿತು. ಊರಿನ ಹೆಸರಿನಲ್ಲಿಯೇ ಮರಳೆಂಬ ಶಬ್ದವು ಕೇಳಿಬರುವದರಿಂದ ಅಲ್ಲಿಯ ಮರಳಿಗಾಗಿಯೇ ಆ ಸ್ಥಳವನ್ನು ಆರಿಸಿದರೆಂದು ಅನೇಕರು ನಂಬುತ್ತಾರೆ. ಅದು ನಿಜವಲ್ಲ. ಆ ತೀರದ ಮರಳು ಒಳ್ಳೆಯ ಗಾಜಿಗೆ ತಕ್ಕದ್ದಲ್ಲ. ಶುದ್ಧವಾದ ಮರಳನ್ನು ಬೇರೆ ಪ್ರಾಂತಗಳಿಂದ ತರಿಸುತ್ತಿದ್ದರು. ಜಾರ್ವಿಸನಿಗೆ ಬೇಕಾಗಿದ್ದದ್ದು ಕುಲುಮೆಗೆ ಸೌದೆ ಕೊಡುವ ಕಾಡು ಮತ್ತು ಸರಕನ್ನು ಬಾಸ್ಟನ್ನಿಗೆ ಸಾಗಿಸುವ ಜಲಮಾರ್ಗ. ಹೆಸರನ್ನು ಕೇಳಿದ ಮಾತ್ರಕ್ಕೆ ಕಾರಣವನ್ನು ಊಹಿಸಬಾರದೆಂಬದಕ್ಕೆ ಇದು ನಮ್ಮ ಮೊದಲನೆಯ ಪಾಠ.

ಹೊಸ ಪದ್ಧತಿಯನ್ನು ಎಲ್ಲರೂ ಸಂತೋಷದಿಂದ ಸ್ವೀಕರಿಸಲಿಲ್ಲ. ಗಾಜನ್ನು ಒತ್ತಿ ಮಾಡಿದ ಸುದ್ದಿ ತಿಳಿದಾಗ, ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ಊದುವ ಕೆಲಸಗಾರರು ಕೋಪಗೊಂಡರೆಂದೂ, ಪ್ರಾಣಭಯದಿಂದ ತಾನು ಆರು ವಾರ ಅಡಗಿರಬೇಕಾಯಿತೆಂದೂ ಜಾರ್ವಿಸನು ಹೇಳಿದ ವೃತ್ತಾಂತವು ಸಂಗ್ರಾಹಕರೊಳಗೆ ಪ್ರಸಿದ್ಧವಾಗಿದೆ. ಅವರ ಕೋಪಕ್ಕೆ ಅರ್ಥವಿಲ್ಲದಿರಲಿಲ್ಲ. ಬಹು ವರ್ಷ ಕಷ್ಟಪಟ್ಟು ಕಲಿತ ಕಸಬನ್ನು, ಕೆಲವು ತಿಂಗಳ ಅಭ್ಯಾಸವುಳ್ಳವನು ಸನ್ನೆಗೋಲಿನಿಂದ ಮೀರಿಸುವದಾದರೆ ಯಾರಿಗೆ ತಾನೇ ನೋಯದು? ಆದರೂ ಊದುವವರು ಇಲ್ಲದೆ ಹೋಗಲಿಲ್ಲ. ಆರಂಭದ ದೀಪಸ್ತಂಭಗಳಲ್ಲಿ ಪೀಠವನ್ನು ಮಾತ್ರ ಒತ್ತಿ ಮಾಡಿ, ಮೇಲಿನ ಬಟ್ಟಲನ್ನು ಊದಿ ಕೂಡಿಸುತ್ತಿದ್ದರು. ಹಳೆಯ ಕಸಬೂ ಹೊಸ ಯಂತ್ರವೂ ಒಂದೇ ವಸ್ತುವಿನಲ್ಲಿ ಕೈಕೈ ಹಿಡಿದು ನಿಂತಿರುವ ಆ ಸ್ತಂಭಗಳನ್ನು ಸಂಗ್ರಾಹಕರು ವಿಶೇಷವಾಗಿ ಆದರಿಸುತ್ತಾರೆ.

ಕಾರ್ಖಾನೆಯ ನಿಜವಾದ ಬಂಡವಾಳವು ಅಚ್ಚುಗಳಾಗಿದ್ದವು. ಒಂದು ಅಚ್ಚನ್ನು ಕೊರೆದು ಸಿದ್ಧಪಡಿಸುವದಕ್ಕೆ ಬಹು ಹಣ ಹಿಡಿಯುತ್ತಿತ್ತು. ಒಮ್ಮೆ ಸಿದ್ಧವಾದರೆ ಅದರಿಂದ ಲೆಕ್ಕವಿಲ್ಲದಷ್ಟು ಪದಾರ್ಥಗಳನ್ನು ತೆಗೆಯಬಹುದಾಗಿತ್ತು. ಸ್ಯಾಂಡ್‌ವಿಚ್ಚಿನಲ್ಲಿ ಹೈರಮ್ ಡಿಲ್ಲಾವೇ ಎಂಬವನು ಅಚ್ಚು ಮಾಡುವವರ ಮುಖ್ಯಸ್ಥನಾಗಿದ್ದನು. ನಾವು ಗಾಜಿನಲ್ಲಿ ಕಾಣುವ ಎಲೆ, ದಳ, ಬಿಂದು ಇವೆಲ್ಲವನ್ನು ಮೊದಲು ಲೋಹದಲ್ಲಿ ತಿರುವುಮುರುವಾಗಿ ಕೊರೆದವರು ಇಂಥ ಕೆಲಸಗಾರರೇ.

೩. ಲೇಸಿನಂಥ ಗಾಜು

ನಮ್ಮ ಹೊಲಿಗೆಯ ತರಗತಿಯಲ್ಲಿ ಲೇಸು ಹೆಣೆದ ಹಳೆಯ ವಿದ್ಯಾರ್ಥಿನಿಯರಿಗೆ ಈ ಭಾಗವು ಹತ್ತಿರವೆನಿಸಬಹುದು. ಒತ್ತಿದ ಗಾಜಿಗೆ ಆರಂಭದಲ್ಲಿ ಒಂದು ದೋಷವಿತ್ತು. ಅಚ್ಚು ಗಾಜಿಗಿಂತ ತಣ್ಣಗಿರುವದರಿಂದ, ಗಾಜು ಅದನ್ನು ಮುಟ್ಟುತ್ತಲೇ ಮೇಲ್ಮೈ ಬೇಗ ಬಿಗಿದುಕೊಂಡು ಸುಕ್ಕಾಗುತ್ತಿತ್ತು, ಹೊಳಪೂ ಕುಂದುತ್ತಿತ್ತು. ಈ ದೋಷವನ್ನು ಮುಚ್ಚುವದಕ್ಕೆ ಅಚ್ಚು ಮಾಡುವವರು ಒಂದು ಉಪಾಯವನ್ನು ಹಿಡಿದರು. ಚಿತ್ರದ ನಡುವಿನ ಬಯಲನ್ನೆಲ್ಲಾ ಸಣ್ಣ ಸಣ್ಣ ಬಿಂದುಗಳಿಂದ ತುಂಬಿಬಿಟ್ಟರು. ಬೆಳಕು ಆ ಬಿಂದುಗಳ ಮೇಲೆ ಬಿದ್ದು ಚೆದರಿ ಮಿನುಗುವಾಗ ಸುಕ್ಕು ಕಣ್ಣಿಗೆ ಬೀಳುವದಿಲ್ಲ. ನೋಡುವವರಿಗೆ ಅದು ಲೇಸಿನ ಬಟ್ಟೆಯಂತೆ ಕಂಡದ್ದರಿಂದ ಲೇಸು ಗಾಜೆಂಬ ಹೆಸರು ಬಂತು. ಸುಮಾರು ೧೮೨೮ರಿಂದ ೧೮೪೦ರ ದಶಕದ ವರೆಗೆ ಇದು ಬಹಳ ಪ್ರಚಾರದಲ್ಲಿತ್ತು.

ದೋಷದಿಂದಲೇ ಅಂದವು ಹುಟ್ಟಿತೆಂಬದನ್ನು ಇಲ್ಲಿ ಗಮನಿಸಬೇಕು. ೧೮೩೭ರಲ್ಲಿ ಅಮೇರಿಕಾದಲ್ಲಿ ಹಣಕಾಸಿನ ದೊಡ್ಡ ಮುಗ್ಗಟ್ಟು ಬಂತು. ತರುವಾಯ ದುಬಾರಿಯಾದ ಸೂಕ್ಷ್ಮ ಅಚ್ಚುಗಳಿಗಿಂತ ಸರಳವಾದ ಅಚ್ಚುಗಳು ಹೆಚ್ಚಾದವು. ಒತ್ತಿದ ಪದಾರ್ಥವನ್ನು ಪುನಃ ಒಂದು ಗಳಿಗೆ ಬೆಂಕಿಗೆ ಹಿಡಿದು ಮೇಲ್ಮೈಯನ್ನು ನುಣುಪುಮಾಡುವ ಕ್ರಮವೂ ಹೆಚ್ಚಿತು. ಸುಕ್ಕೇ ಮಾಯವಾದ ಮೇಲೆ ಅದನ್ನು ಮರೆಮಾಡುವ ಬಿಂದುಗಳು ಬೇಕಾಗಲಿಲ್ಲ. ದೊಡ್ಡ ದಳಗಳು, ಷಟ್ಕೋಣದ ಕಾಂಡಗಳು, ಅಗಲವಾದ ನುಣುಪು ಮುಖಗಳು ಇವು ಮುಂದಿನ ಕಾಲದ ಲಕ್ಷಣಗಳಾದವು. ಹೀಗೆ ಒಂದು ಸ್ತಂಭದ ಅಲಂಕಾರವನ್ನು ನೋಡಿಯೇ ಅದರ ಕಾಲವನ್ನು ಅಂದಾಜು ಮಾಡಬಹುದು.

೪. ಎರಡು ತುಂಡು, ಒಂದು ಬಿಲ್ಲೆ

ದೀಪಸ್ತಂಭವು ಕೆಳಗೆ ಅಗಲ, ನಡುವೆ ಸಣ್ಣ, ಮೇಲೆ ಟೊಳ್ಳು. ಇಂಥದ್ದನ್ನು ಒಂದೇ ಸಲಕ್ಕೆ ಒತ್ತಿ ತೆಗೆಯುವದು ಕಷ್ಟ. ಆದದರಿಂದ ಪೀಠವನ್ನೂ ಕಾಂಡವನ್ನೂ ಒಂದು ಅಚ್ಚಿನಲ್ಲಿ, ಬಟ್ಟಲನ್ನು ಮತ್ತೊಂದು ಅಚ್ಚಿನಲ್ಲಿ ಒತ್ತಿ, ಎರಡೂ ಬಿಸಿಯಾಗಿರುವಾಗಲೇ ಅವುಗಳ ನಡುವೆ ಕಾದ ಗಾಜಿನ ಚಿಕ್ಕ ತೊಟ್ಟನ್ನಿಟ್ಟು ಅಂಟಿಸುತ್ತಿದ್ದರು. ಆ ತೊಟ್ಟು ಅದುಮಲ್ಪಟ್ಟು ಬಿಲ್ಲೆಯಂತಾಗುವದು. ಸ್ತಂಭದ ಕೊರಳಿನಲ್ಲಿ ಬೆರಳಾಡಿಸಿದರೆ ಈ ಬಿಲ್ಲೆಯ ಅಂಚು ತಿಳಿಯುವದು. ಬಳಿಕ ಆ ಪದಾರ್ಥವನ್ನು ವಿಶೇಷವಾದ ಒಲೆಯಲ್ಲಿಟ್ಟು ಬಹು ನಿಧಾನವಾಗಿ ಆರಿಸಬೇಕು. ಇಲ್ಲವಾದರೆ ಅದು ತಾನಾಗಿಯೇ ಬಿರಿಯುವದು.

ಅಂಟಿಸುವವನ ಕೈ ಒಂದಿಷ್ಟು ವಾಲಿದರೆ ಬಟ್ಟಲೂ ವಾಲುವದು. ಈ ಕಾರಣದಿಂದ ಹಳೆಯ ಜೋಡಿಯ ಎರಡು ಸ್ತಂಭಗಳು ಒಂದೇ ಅಚ್ಚಿನ ಮಕ್ಕಳಾದರೂ ಎತ್ತರದಲ್ಲಿಯೂ ನಿಲುವಿನಲ್ಲಿಯೂ ಕೂದಲೆಳೆಯಷ್ಟು ಬೇರೆಯಾಗಿರುವದುಂಟು. ಕೆಲವು ಸಾರಿ ಒಂದು ಬಣ್ಣದ ಪೀಠಕ್ಕೆ ಇನ್ನೊಂದು ಬಣ್ಣದ ಬಟ್ಟಲನ್ನು ಕೂಡಿಸಿದ್ದೂ ಉಂಟು. ಹಾಲಿನ ನೀರಿನಂತೆ ಮಬ್ಬಾದ ಬಿಳಿಯ ಪೀಠದ ಮೇಲೆ ನೀಲಿಯ ಬಟ್ಟಲಿರುವ ಸ್ತಂಭಗಳು ಅತ್ಯಂತ ಸುಂದರವೆಂದು ಎಣಿಸಲ್ಪಟ್ಟಿವೆ.

ರೂಪಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಡಾಲ್ಫಿನ್ ಸ್ತಂಭ. ಚೌಕವಾದ ಪೀಠದ ಮೇಲೆ ಡಾಲ್ಫಿನ್ ಎಂಬ ಕಡಲ ಪ್ರಾಣಿಯು ತಲೆಯನ್ನು ಕೆಳಗೂರಿ ಬಾಲವನ್ನು ಮೇಲಕ್ಕೆತ್ತಿರುವದು. ಬಾಲದ ತುದಿಯಲ್ಲಿ ಹೂದಳದಂಥ ಬಟ್ಟಲು ನಿಂತಿರುವದು. ಪೀಠಕ್ಕೆ ಒಂದು ಮೆಟ್ಟಲಿರುವದೊಂದು ಬಗೆ, ಎರಡು ಮೆಟ್ಟಲಿರುವದು ಮತ್ತೊಂದು ಬಗೆ. ಸುಮಾರು ೧೮೪೫ರಿಂದ ೧೮೭೦ರ ವರೆಗೆ ಇವು ತಯಾರಾದವು. ಸ್ಯಾಂಡ್‌ವಿಚ್ಚಿನಲ್ಲಿ ಮಾತ್ರವಲ್ಲದೆ ಬೇರೆ ಕಾರ್ಖಾನೆಗಳಲ್ಲಿಯೂ ಡಾಲ್ಫಿನ್ ರೂಪವನ್ನು ಮಾಡುತ್ತಿದ್ದರು. ಶಿಲುಬೆಯ ರೂಪದ ಸ್ತಂಭ, ಕಂಬದ ರೂಪದ ಸ್ತಂಭ, ದಳಗಳೂ ಕುಣಿಕೆಗಳೂ ಇರುವ ಸ್ತಂಭ ಇವು ಬೇರೆ ಬಗೆಗಳು. ಬಣ್ಣವಿಲ್ಲದ ಗಾಜು ಸಾಮಾನ್ಯ; ನೀಲಿ, ಹಸುರು, ನೇರಳೆ, ಕ್ಯಾನರಿ ಹಕ್ಕಿಯಂಥ ಹಳದಿ ಇವು ವಿರಳವಾದದ್ದರಿಂದ ಹೆಚ್ಚು ಬೆಲೆಯುಳ್ಳವುಗಳು.

೫. ಮೇಣಬತ್ತಿಯ ಕಾಲವು ಕಳೆದದ್ದು

ಆ ಕಾಲದ ಬಡವರ ಮನೆಯಲ್ಲಿ ಪ್ರಾಣಿಗಳ ಕೊಬ್ಬಿನ ಬತ್ತಿ ಉರಿಯುತ್ತಿತ್ತು. ಅದು ಹೊಗೆ ಬಿಡುವದು, ನಾರುವದು, ಬೇಗ ಕರಗುವದು. ತಿಮಿಂಗಿಲದ ತಲೆಯಿಂದ ದೊರೆಯುವ ಮೇಣದ ಬತ್ತಿಯು ಚೆನ್ನಾಗಿ ಉರಿಯುತ್ತಿದ್ದರೂ ಅದಕ್ಕೆ ಬೆಲೆ ಬಹಳ. ಫ್ರಾನ್ಸ್ ದೇಶದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನು ಕೊಬ್ಬಿನ ಸ್ವರೂಪವನ್ನು ಶೋಧಿಸಿ, ಅದರಿಂದ ಗಟ್ಟಿಯಾದ ಸ್ಟಿಯರಿನ್ ಬತ್ತಿಯನ್ನು ಮಾಡಲು ಗೇ ಲ್ಯೂಸಾಕನೊಡನೆ ೧೮೨೫ರಲ್ಲಿ ಪೇಟೆಂಟು ಪಡೆದನು. ೧೮೩೪ರಲ್ಲಿ ಇಂಗ್ಲೆಂಡಿನ ಜೋಸೆಫ್ ಮಾರ್ಗನ್ ಎಂಬವನು ಬತ್ತಿಗಳನ್ನು ಸತತವಾಗಿ ಎರಕಹೊಯ್ಯುವ ಯಂತ್ರವನ್ನು ನಿರ್ಮಿಸಿದನು. ಹೀಗೆ ಒಳ್ಳೆಯ ಬತ್ತಿಯೂ ಅಗ್ಗದ ಗಾಜಿನ ಸ್ತಂಭವೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಜನರಿಗೆ ದೊರೆತವು. ರಾತ್ರಿ ಊಟವಾದ ಮೇಲೆ ಓದುವದಕ್ಕೂ ಹೊಲಿಯುವದಕ್ಕೂ ಒಂದು ಗಂಟೆ ಹೆಚ್ಚು ಸಿಕ್ಕಿತೆಂದರೆ, ಅದು ಆ ಮನೆಯ ಹೆಣ್ಣುಮಕ್ಕಳಿಗೆ ಚಿಕ್ಕ ಲಾಭವಾಗಿರಲಾರದು.

ಆದರೆ ಈ ಜೊತೆಯು ಬಹಳ ಕಾಲ ಉಳಿಯಲಿಲ್ಲ. ೧೮೫೯ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಭೂಮಿಯನ್ನು ಕೊರೆದು ಎಣ್ಣೆ ತೆಗೆದ ಮೇಲೆ ಸೀಮೆಎಣ್ಣೆಯ ದೀಪವು ಮನೆಮನೆಗೂ ಹೊಕ್ಕಿತು. ಗಾಜಿನ ಕಸಬಿನಲ್ಲಿಯೂ ಬದಲಾವಣೆಯಾಯಿತು. ಅದುವರೆಗೆ ಒಳ್ಳೆಯ ಗಾಜಿಗೆ ಸೀಸವನ್ನು ಬೆರಸುತ್ತಿದ್ದರು. ಅದರಿಂದ ಗಾಜಿಗೆ ತೂಕವೂ ಕಾಂತಿಯೂ ಬರುತ್ತಿತ್ತು. ೧೮೬೪ರಲ್ಲಿ ವೀಲಿಂಗ್ ಪಟ್ಟಣದ ವಿಲಿಯಂ ಲೇಟನ್ ಎಂಬವನು ಸೀಸವಿಲ್ಲದೆ ಸೋಡಾ ಮತ್ತು ಸುಣ್ಣದಿಂದ ತಿಳಿಯಾದ ಗಾಜು ಮಾಡುವ ಒಳ್ಳೆಯ ಪಾಕವನ್ನು ಕಂಡುಹಿಡಿದನು. ಅದು ಬಹಳ ಅಗ್ಗ, ಹಗುರ. ಬೇಗ ಬಿಗಿಯುವದರಿಂದ ಕೆಲಸವೂ ತೀವ್ರವಾಗಿ ಸಾಗುತ್ತಿತ್ತು. ಕಲ್ಲಿದ್ದಲೂ ನೈಸರ್ಗಿಕ ಅನಿಲವೂ ಸಮೀಪದಲ್ಲಿದ್ದ ಪಶ್ಚಿಮದ ಕಾರ್ಖಾನೆಗಳ ಮುಂದೆ ಹಳೆಯವು ನಿಲ್ಲಲಾರದೆ ಹೋದವು. ೧೮೫೦ರ ದಶಕದಲ್ಲಿ ಸುಮಾರು ೫೦೦ ಜನರಿಗೆ ಅನ್ನ ಕೊಟ್ಟ ಸ್ಯಾಂಡ್‌ವಿಚ್ ಕಾರ್ಖಾನೆಯು ಕೆಲಸಗಾರರ ಮುಷ್ಕರದ ನಡುವೆ ೧೮೮೮ರಲ್ಲಿ ಮುಚ್ಚಿಹೋಯಿತು.

ಅಗ್ಗದ ಗಾಜಿನ ಹಿಂದೆ ಇನ್ನೊಂದು ಸಂಗತಿಯೂ ಇದೆ. ಅದನ್ನು ಮರೆಸಿ ಅಂದವನ್ನು ಮಾತ್ರ ಹೊಗಳುವದು ನ್ಯಾಯವಲ್ಲ. ಅಚ್ಚು ತೆರೆಯುವದು, ಬಿಸಿ ಪದಾರ್ಥಗಳನ್ನು ಆರಿಸುವ ಒಲೆಗೆ ಹೊರುವದು ಮೊದಲಾದ ಕೆಲಸಗಳಿಗೆ ಗಾಜಿನ ಕಾರ್ಖಾನೆಗಳವರು ಚಿಕ್ಕ ಹುಡುಗರನ್ನು ಹಗಲಿರುಳು ದುಡಿಸುತ್ತಿದ್ದರು. ೧೯೦೮ರಲ್ಲಿ ಲೂಯಿಸ್ ಹೈನ್ ಎಂಬ ಉಪಾಧ್ಯಾಯ ವೃತ್ತಿಯಿಂದ ಬಂದ ಛಾಯಾಚಿತ್ರಕಾರನು ಅಂಥ ಹುಡುಗರ ಚಿತ್ರಗಳನ್ನು ನಡುರಾತ್ರಿಯಲ್ಲಿ ತೆಗೆದು ಜನರ ಕಣ್ಣು ತೆರೆಯಿಸಿದನು. ನಮ್ಮ ತರಗತಿಗಳಲ್ಲಿ ಕೂರುವ ಮಕ್ಕಳ ವಯಸ್ಸೇ ಅವರದು.

೬. ಸಂಗ್ರಾಹಕರು ಮೆಚ್ಚುವದು ಏನನ್ನು?

ಮೊದಲನೆಯದಾಗಿ ಬೆಳಕನ್ನು. ಗಾಜಿನ ಸ್ತಂಭವು ಮೇಣಬತ್ತಿಯನ್ನು ಹೊರುವದಲ್ಲದೆ ಅದರ ಬೆಳಕನ್ನು ತನ್ನ ಮೈಯೊಳಗೆ ತೆಗೆದುಕೊಂಡು ತಿರುಗಿ ಕೊಡುವದು. ಹಿತ್ತಾಳೆಗೆ ಇದು ಸಾಧ್ಯವಿಲ್ಲ. ಎರಡನೆಯದಾಗಿ ಜೋಡಿಯನ್ನು. ಒಂಟಿ ಸ್ತಂಭಕ್ಕಿಂತ, ಸ್ವಲ್ಪವೂ ಭಂಗವಾಗದೆ ಒಟ್ಟಿಗೇ ಉಳಿದು ಬಂದ ಜೋಡಿಗೆ ಬೆಲೆ ಇಮ್ಮಡಿಗಿಂತಲೂ ಹೆಚ್ಚು. ಮೂರನೆಯದಾಗಿ, ನಾವು ಮುಖ್ಯವೆಂದು ಎಣಿಸುವ ಕಾರಣ, ಅದರ ಮೈಮೇಲಿರುವ ಕೆಲಸದ ಗುರುತುಗಳನ್ನು. ಅಚ್ಚಿನ ಹೋಳುಗಳು ಕೂಡಿದ ಸ್ಥಳದ ಏರುಗೆರೆ, ಕತ್ತರಿ ತಗಲಿದ ಕಡೆ ಉಳಿದ ಕೂದಲಿನಂಥ ಗೆರೆ, ತಣ್ಣನೆಯ ಅಚ್ಚಿನಿಂದಾದ ಸುಕ್ಕು, ಕೊರಳಿನ ಬಿಲ್ಲೆ, ಒಂದಿಷ್ಟು ವಾಲಿದ ಬಟ್ಟಲು ಇವೆಲ್ಲವೂ ಮಾಡಿದವನು ಮುಚ್ಚಿಡಬೇಕೆಂದಿದ್ದ ಕುಂದುಗಳು. ಇಂದು ಸಂಗ್ರಾಹಕನು ಮೊಟ್ಟಮೊದಲು ಹುಡುಕುವದು ಇವನ್ನೇ. ಯಾಕಂದರೆ ಆ ಸ್ತಂಭವು ಎಂಥ ಕೈಯಿಂದ, ಯಾವ ಕ್ರಮದಿಂದ ಹುಟ್ಟಿತೆಂದು ಹೇಳಬಲ್ಲ ಸಾಕ್ಷಿಗಳು ಇವೇ.

೭. ಅಸಲೂ ನಕಲೂ

ಬೆಲೆ ಬಂದಲ್ಲಿ ನಕಲೂ ಬರುವದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೇರಿಕಾದವರಿಗೆ ತಮ್ಮ ಅಜ್ಜಿಯರ ಕಾಲದ ವಸ್ತುಗಳ ಮೇಲೆ ಪ್ರೀತಿ ಹುಟ್ಟಿದಾಗ, ಹಳೆಯ ರೂಪಗಳನ್ನು ಹೊಸದಾಗಿ ಒತ್ತುವ ಕಾರ್ಖಾನೆಗಳು ಎದ್ದವು. ಅವೆಲ್ಲವೂ ಮೋಸವೆಂದು ತಿಳಿಯಬಾರದು. ಓಹಾಯೋ ಪ್ರಾಂತದ ಹೈಸಿ ಕಂಪೆನಿಯವರು ೧೮೯೬ರಿಂದ ೧೯೫೭ರ ವರೆಗೆ ಬಹು ಒಳ್ಳೆಯ ಗಾಜನ್ನು ಒತ್ತಿದರು. ಅವರೂ ಒಂದು ಡಾಲ್ಫಿನ್ ಸ್ತಂಭವನ್ನು ಮಾಡಿದರು. ವಜ್ರಾಕಾರದೊಳಗೆ ಎಚ್ ಎಂಬ ಇಂಗ್ಲಿಷ್ ಅಕ್ಷರವು ಅವರ ಮುದ್ರೆಯಾದರೂ ಎಲ್ಲಾ ಪದಾರ್ಥಗಳ ಮೇಲೂ ಅದು ಇರುವದಿಲ್ಲ. ಈಗ ಹೈಸಿಯವರ ಗಾಜಿಗೇ ಬೇರೆ ಸಂಗ್ರಾಹಕರಿದ್ದಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದವರಿಗಾಗಿ ಇಂಪೀರಿಯಲ್ ಗ್ಲಾಸ್ ಕಂಪೆನಿಯವರು ಡಾಲ್ಫಿನ್ ಸ್ತಂಭದ ಪ್ರತಿಗಳನ್ನು ಮಾಡಿ, ಎಂ. ಎಂ. ಎ. ಎಂಬ ಅಕ್ಷರಗಳನ್ನು ಒತ್ತಿ ತಿಳಿಸಿದರು. ಹೇಳಿ ಮಾಡಿದ ಪ್ರತಿಯಲ್ಲಿ ಅನ್ಯಾಯವಿಲ್ಲ. ಅದನ್ನು ಅಸಲೆಂದು ಮಾರುವದರಲ್ಲಿ ಅನ್ಯಾಯವಿದೆ.

ಹಾಗಾದರೆ ಪರೀಕ್ಷೆ ಹೇಗೆ? ಕೆಲವು ನಿಯಮಗಳನ್ನು ಹೇಳುವೆವು.

ಮೊದಲು ಕೊರಳನ್ನು ನೋಡಬೇಕು. ನಂತರದ ಪ್ರತಿಗಳಲ್ಲಿ ಅನೇಕವು ಒಂದೇ ತುಂಡಾಗಿರುವದರಿಂದ ಅವುಗಳಲ್ಲಿ ಬಿಲ್ಲೆ ಇರುವದಿಲ್ಲ. ಆದರೆ ಹಳೆಯವುಗಳಲ್ಲಿಯೂ ಒಂದೇ ತುಂಡಿನವು ಇವೆಯಾದಕಾರಣ ಇದೊಂದರಿಂದಲೇ ತೀರ್ಪು ಕೊಡಬಾರದು. ಎರಡನೆಯದಾಗಿ ಕೈಯಲ್ಲಿ ತೂಗಿ ನೋಡಬೇಕು. ಸೀಸದ ಗಾಜು ಗಾತ್ರಕ್ಕೆ ಮೀರಿದ ಭಾರವುಳ್ಳದ್ದು. ಮೂರನೆಯದಾಗಿ ಪೀಠದ ತಳವನ್ನು ನೋಡಬೇಕು. ನೂರು ವರ್ಷ ಮೇಜಿನ ಮೇಲೆ ಸರಿದಾಡಿದ ಪೀಠದಲ್ಲಿ, ನೆಲ ಮುಟ್ಟುವ ಎತ್ತರದ ಸ್ಥಳಗಳಲ್ಲಿ ಮಾತ್ರ, ಎಲ್ಲಾ ದಿಕ್ಕಿಗೂ ಹೋಗುವ ಸಣ್ಣ ಗೀರುಗಳಿರುವವು. ಮೋಸಗಾರನು ಉಜ್ಜಿ ಮಾಡಿದ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ಓಡುವವು. ನಾಲ್ಕನೆಯದಾಗಿ ಬಣ್ಣ. ಕ್ಯಾನರಿ ಹಳದಿಯು ಯುರೇನಿಯಮ್ಮಿನಿಂದ ಬಂದದ್ದು; ನೀಲಾತೀತ ಕಿರಣಗಳ ಕೆಳಗೆ ಅದು ಹಸುರಾಗಿ ಹೊಳೆಯುವದು. ಆದರೆ ಹೊಸ ಗಾಜಿಗೂ ಯುರೇನಿಯಮ್ಮನ್ನು ಹಾಕಬಹುದಾದ್ದರಿಂದ ಈ ಹೊಳಪು ಪದಾರ್ಥವನ್ನು ತಿಳಿಸುವದೇ ಹೊರತು ವಯಸ್ಸನ್ನಲ್ಲ. ಐದನೆಯದಾಗಿ ಮುದ್ರೆ. ಇಂಗ್ಲೆಂಡಿನ ಒತ್ತಿದ ಗಾಜಿನ ಮೇಲೆ ೧೮೪೨ರಿಂದ ೧೮೮೩ರ ವರೆಗಿನ ವಜ್ರಾಕಾರದ ರಿಜಿಸ್ಟ್ರಿ ಗುರುತು ಇರಬಹುದು. ಅದರೊಳಗಿನ ಅಕ್ಷರಗಳಿಂದಲೂ ಅಂಕೆಗಳಿಂದಲೂ ಆ ನಮೂನೆಯು ದಾಖಲಾದ ದಿನವನ್ನು ತಿಳಿಯಬಹುದು. ಗೇಟ್ಸ್‌ಹೆಡ್ಡಿನ ಸೊವರ್ಬಿ ಕಂಪೆನಿಯವರ ಮುದ್ರೆ ನವಿಲಿನ ತಲೆ. ಆದರೆ ಸ್ಯಾಂಡ್‌ವಿಚ್ಚಿನ ಸ್ತಂಭಗಳ ಮೇಲೆ ಸಾಮಾನ್ಯವಾಗಿ ಯಾವ ಹೆಸರೂ ಇರುವದಿಲ್ಲ.

ಒಂದು ಗುರುತು ತೀರ್ಪಲ್ಲ. ಹಲವು ಗುರುತುಗಳು ಒಂದೇ ಮಾತನ್ನು ಹೇಳಿದರೆ ಅದು ತೀರ್ಪು.

೮. ಹೆಸರೂ ಸಾಕ್ಷಿಯೂ

ಈ ವಿದ್ಯೆಯನ್ನ ಬೆಳೆಸಿದವರಲ್ಲಿ ಹೆಂಗಸರು ಮುಖ್ಯರಾಗಿದ್ದಾರೆಂಬದನ್ನು ಹೆಣ್ಣುಮಕ್ಕಳ ಪಾಠಶಾಲೆಯ ಪತ್ರದಲ್ಲಿ ಹೇಳದೆ ಬಿಡಲಾರೆವು. ರೂತ್ ವೆಬ್ ಲೀ ಎಂಬ ಮಹಿಳೆಯು ೧೯೩೧ರಲ್ಲಿ ಅಮೇರಿಕಾದ ಹಳೆಯ ಒತ್ತಿದ ಗಾಜಿನ ವಿಷಯದಲ್ಲಿ ದೊಡ್ಡ ಗ್ರಂಥವನ್ನೂ, ೧೯೩೮ರಲ್ಲಿ ನಕಲುಗಳನ್ನು ಬಯಲಿಗೆಳೆಯುವ ಗ್ರಂಥವನ್ನೂ, ೧೯೩೯ರಲ್ಲಿ ಸ್ಯಾಂಡ್‌ವಿಚ್ ಗಾಜಿನ ವಿಷಯದಲ್ಲಿ ಇನ್ನೊಂದನ್ನೂ ಬರೆದರು. ಮುಚ್ಚಿಹೋದ ಕಾರ್ಖಾನೆಯ ನಿವೇಶನವನ್ನು ಅಗೆದು ಒಡಕುಗಾಜಿನ ಚೂರುಗಳನ್ನು ಆರಿಸಿ, ಅವುಗಳೊಡನೆ ಇಡೀ ವಸ್ತುಗಳನ್ನು ಹೋಲಿಸುವ ಪದ್ಧತಿಯೂ ಬೆಳೆಯಿತು. ಚೂರು ಅಲ್ಲಿ ಸಿಕ್ಕಿತೆಂದ ಮೇಲೆ ವಸ್ತುವನ್ನು ಅಲ್ಲಿಯೇ ಮಾಡಿದರೆಂದು ಅನೇಕರು ನಿಶ್ಚಯಿಸಿದರು.

ಆದರೆ ಕಾರ್ಖಾನೆಗಳವರು ಹೊಸ ಪಾಕಕ್ಕೆ ಬೆರಸುವದಕ್ಕಾಗಿ ಬೇರೆ ಕಡೆಯ ಒಡಕುಗಾಜನ್ನೂ ಕೊಂಡು ತರುತ್ತಿದ್ದರು. ಆದದರಿಂದ ಚೂರು ಸಿಕ್ಕಿದ ಸ್ಥಳವು ಹುಟ್ಟಿದ ಸ್ಥಳವೆಂದು ಹೇಳಲಾಗದು. ಫ್ರಾನ್ಸಿನಲ್ಲಿ ಲೋನೆ ಓತಾಂ ಎಂಬ ಪ್ಯಾರಿಸಿನ ವರ್ತಕರು ಸುಮಾರು ೧೮೪೦ರಲ್ಲಿ ಮುದ್ರಿಸಿದ ನಮೂನೆಯ ಪಟ್ಟಿಗಳಲ್ಲಿ ಬಕರಾ ಮತ್ತು ಸಾಂ ಲೂಯಿ ಕಾರ್ಖಾನೆಗಳ ಒತ್ತಿದ ಗಾಜಿನ ಚಿತ್ರಗಳಿವೆ. ಅಮೇರಿಕಾದ್ದೆಂದು ನಂಬಿದ್ದ ಎಷ್ಟೋ ಲೇಸು ಗಾಜು ಯುರೋಪಿನದೆಂದು ಇಂಥ ಪಟ್ಟಿಗಳಿಂದ ಗೊತ್ತಾಯಿತು. ಕಾರ್ನಿಂಗ್ ಗಾಜಿನ ವಸ್ತುಸಂಗ್ರಹಾಲಯದ ಜೇನ್ ಶಾಡೆಲ್ ಸ್ಪಿಲ್‌ಮನ್ ಎಂಬ ವಿದುಷಿಯು ೧೯೮೧ರಲ್ಲಿ ಅಮೇರಿಕಾ ಮತ್ತು ಯುರೋಪಿನ ಒತ್ತಿದ ಗಾಜನ್ನು ಒಟ್ಟಿಗಿಟ್ಟು ಪುಸ್ತಕವನ್ನು ಪ್ರಕಟಿಸಿದರು.

ಮೇರಿ ಗ್ರೆಗರಿ ಎಂಬ ಕೆಲಸಗಾರ್ತಿಯ ಕಥೆಯೂ ಇಂಥದೇ. ಆಕೆ ೧೮೮೦ರ ದಶಕದಲ್ಲಿ ಸ್ಯಾಂಡ್‌ವಿಚ್ ಕಾರ್ಖಾನೆಯಲ್ಲಿ ಗಾಜಿನ ಮೇಲೆ ಬಣ್ಣದ ಚಿತ್ರ ಬರೆಯುತ್ತಿದ್ದಳು. ಬಣ್ಣದ ಗಾಜಿನ ಮೇಲೆ ಬಿಳಿಯ ಬಣ್ಣದಿಂದ ಆಡುವ ಮಕ್ಕಳನ್ನು ಬರೆದ ಹೂದಾನಿಗಳಿಗೆಲ್ಲಾ ವರ್ತಕರು ಆಕೆಯ ಹೆಸರನ್ನಿಟ್ಟು ಮಾರಿದರು. ಆ ಗಾಜು ಬಹುಮಟ್ಟಿಗೆ ಬೊಹೀಮಿಯದಿಂದ ಬಂದದ್ದು, ಆಕೆ ಬರೆದದ್ದಲ್ಲ. ಆಕೆ ನಿಜವಾಗಿ ಮಾಡಿದ ಕೆಲಸವು ಹಿಂದೆ ಸರಿದು, ಮಾಡದ ಕೆಲಸಕ್ಕೆ ಕೀರ್ತಿ ಬಂತು. ಹೆಸರು ಬೆಲೆಯನ್ನು ಏರಿಸುವಲ್ಲಿ ಜನರು ಹೆಸರನ್ನು ಬೇಗ ನಂಬುತ್ತಾರೆ; ಸಾಕ್ಷಿಯನ್ನು ನಿಧಾನವಾಗಿ ಕೇಳುತ್ತಾರೆ.

೯. ಕಾಪಾಡುವ ರೀತಿ

ಇಂಥ ಸ್ತಂಭವು ಯಾರಿಗಾದರೂ ದೊರೆತಿದ್ದರೆ ಅದರಲ್ಲಿ ಬತ್ತಿಯನ್ನು ಬುಡದ ವರೆಗೆ ಉರಿಯಗೊಡಬಾರದು. ಜ್ವಾಲೆಯ ಶಾಖದಿಂದ ಬಟ್ಟಲು ಸೀಳುವದು. ಬಟ್ಟಲಿನಲ್ಲಿ ಉಳಿದ ಮೇಣವನ್ನು ಚಾಕುವಿನಿಂದ ಕೆತ್ತಬಾರದು. ಹಳೆಯ ಬಟ್ಟಲುಗಳ ಅಂಚಿನಲ್ಲಿ ಕಾಣುವ ಚೆಕ್ಕೆಗಳಲ್ಲಿ ಎಷ್ಟೋ ಈ ಅವಸರದಿಂದಲೇ ಆದವು. ಉಗುರುಬೆಚ್ಚಗಿನ ನೀರಿನಿಂದ ಮೆತ್ತಗೆ ಮಾಡಿ ಬೆರಳಿನಿಂದಲೋ ಮರದ ಕಡ್ಡಿಯಿಂದಲೋ ತೆಗೆಯಬೇಕು. ಕುದಿನೀರನ್ನೂ ತಣ್ಣೀರನ್ನೂ ಒಂದರ ಹಿಂದೆ ಒಂದನ್ನು ಹೊಯ್ಯಬಾರದು. ಎತ್ತುವಾಗ ಬಟ್ಟಲನ್ನು ಹಿಡಿಯದೆ ಪೀಠದ ಕೆಳಗೆ ಕೈಕೊಡಬೇಕು; ಬಿಲ್ಲೆಯ ಸಂದು ಎಲ್ಲಕ್ಕಿಂತ ದುರ್ಬಲವಾದ ಸ್ಥಳ.

ಮುಕ್ತಾಯ

ನಮ್ಮ ವಾಚಕರಲ್ಲಿ ಹೆಚ್ಚಿನವರ ಮನೆಯಲ್ಲಿ ಸ್ಯಾಂಡ್‌ವಿಚ್ಚಿನ ದೀಪಸ್ತಂಭವು ಇರಲಾರದು. ಅದು ಇರಬೇಕೆಂದೂ ನಾವು ಹೇಳುವದಿಲ್ಲ. ಆದರೆ ಅಟ್ಟದ ಮೇಲೆ ಹಳೆಯ ಲಾಂದ್ರವಿರಬಹುದು, ಹಿತ್ತಾಳೆಯ ಸೊಡರಿರಬಹುದು, ಅಜ್ಜಿಯ ಚಕ್ಕುಲಿಯ ಒರಳಿರಬಹುದು, ಸಕ್ಕರೆ ಅಚ್ಚಿನ ಮರದ ಹೋಳುಗಳಿರಬಹುದು. ಅವುಗಳನ್ನು ತೂಕಕ್ಕೆ ಹಾಕುವ ಮೊದಲು ಒಂದು ಗಳಿಗೆ ಕೈಯಲ್ಲಿ ಹಿಡಿದು ನೋಡಿರಿ. ಎಲ್ಲಿ ಸವೆದಿದೆ, ಎಲ್ಲಿ ಬೆಸೆದಿದೆ, ಯಾರ ಕೈ ಎಲ್ಲಿ ಹಿಡಿದಿತ್ತೆಂಬದು ಕಾಣುವದು.

ಆ ಮೇಲೆ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು ಅದರ ಸಂಗಡ ಇಡಿರಿ: ಇದು ಯಾರದು, ಯಾವ ಊರಿನಿಂದ ಬಂತು, ಯಾವ ವರ್ಷ, ಯಾತಕ್ಕೆ ಬಳಸಿದರು. ಕಣ್ಣಾರೆ ಕಂಡದ್ದನ್ನು ಒಂದು ಕಡೆಯಲ್ಲಿಯೂ ಬಾಯಿಂದ ಕೇಳಿದ್ದನ್ನು ಇನ್ನೊಂದು ಕಡೆಯಲ್ಲಿಯೂ ಬೇರೆಬೇರೆಯಾಗಿ ಬರೆಯಿರಿ. ಆ ದೀಪಸ್ತಂಭಗಳನ್ನು ಮೊದಲು ಕೊಂಡು ತಂದ ಗೃಹಿಣಿಯರಲ್ಲಿ ಕೆಲವರಾದರೂ ಇಂಥ ಚೀಟಿಯನ್ನು ಬರೆದಿಟ್ಟಿದ್ದರೆ, ವಿದ್ವಾಂಸರು ಮಣ್ಣನ್ನಗೆದು ಚೂರುಗಳನ್ನು ಎಣಿಸುವ ಶ್ರಮವು ಎಷ್ಟೋ ಕಡಿಮೆಯಾಗುತ್ತಿತ್ತು. ಮನೆಯ ಹಿರಿಯರು ಇರುವಾಗಲೇ ಅವರನ್ನು ಕೇಳಿರಿ. ಬರೆಯುವ ವಿದ್ಯೆ ನಿಮ್ಮಲ್ಲಿ ಇದೆ. ಹೇಳುವವರು ಮಾತ್ರ ಎಂದೆಂದಿಗೂ ಇರುವದಿಲ್ಲ.